ಕಂಪ್ಯೂಟರ್ ಊದುವ ಟ್ರಂಪೆಟ್

ಕೇಳುಗರಿಗೆ ನಮಸ್ಕಾರ.

ದಸರೆಯ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ನುಡಿಸುವುದನ್ನು ನೀವು ಟಿವಿಯಲ್ಲಾದರೂ ಕೇಳಿರುತ್ತೀರಿ. ಮುಂದಿನ ಸಲ ಒಂದು ಸಣ್ಣ ಪರೀಕ್ಷೆ ಮಾಡಿ. ಟ್ರಂಪೆಟ್‌ನವರು ಜೋರಾಗಿ ಊದುತ್ತಿರುವಾಗ ವಾಲ್ಯೂಮ್ ತೀರಾ ತಗ್ಗಿಸಿಬಿಡಿ. ಸದ್ದು ಸಣ್ಣದಾಗುತ್ತದೆ. ಆದರೆ ಅವರು ಮೆಲ್ಲಗೆ ಊದುತ್ತಿದ್ದಾರೆ ಅಂತ ಅನಿಸುವುದಿಲ್ಲ. ದೂರದಲ್ಲೆಲ್ಲೋ ಜೋರಾಗಿಯೇ ಊದುತ್ತಿದ್ದಾರೆ ಅಂತ ಕಿವಿಗೆ ಗೊತ್ತಾಗುತ್ತದೆ.

ಕಾರಣ ಇಷ್ಟೇ. ಹಿತ್ತಾಳೆ ವಾದ್ಯದಲ್ಲಿ ಮೆಲ್ಲಗೆ ಊದಿದ ಸ್ವರಕ್ಕೂ ಜೋರಾಗಿ ಊದಿದ ಸ್ವರಕ್ಕೂ ದನಿಯೇ ಬೇರೆ. ಮೆಲ್ಲಗೆ ಊದಿದಾಗ ದುಂಡಗೆ, ಸ್ವಲ್ಪ ಮಂಕಾಗಿರುತ್ತದೆ. ಉಸಿರು ಜಾಸ್ತಿಯಾದ ಹಾಗೆ ಅದಕ್ಕೆ ಅಂಚು ಬರುತ್ತದೆ, ಹೊಳಪು ಬರುತ್ತದೆ, ಕೊನೆಗೆ ಹರಿತವಾಗಿ ಕಿವಿಗೆ ಹೊಡೆಯುತ್ತದೆ. ಟ್ರಾಂಬೋನನ್ನು ಪೂರ್ತಿ ಬಲ ಹಾಕಿ ಊದಿದರೆ ಕೊಳವೆಯೊಳಗೆ ಗಾಳಿಯ ಅಲೆ ಕಡಿದಾಗುತ್ತಾ ಹೋಗಿ ಆಘಾತದ ಅಲೆಯೇ ಆಗಿಬಿಡುತ್ತದೆ ಅಂತ 1996ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದರು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಹಿಂದೆ ಏಳುತ್ತದಲ್ಲ, ಆ ಜಾತಿಯ ಅಲೆ.

ಇವತ್ತು ಕಂಪ್ಯೂಟರಿನೊಳಗೆ ಟ್ರಂಪೆಟ್, ಟ್ರಾಂಬೋನ್, ಹಾರ್ನ್, ಟ್ಯೂಬಾ ಎಲ್ಲ ಸಿಗುತ್ತವೆ. ಕಂಪ್ಯೂಟರಿಗೆ ಜೋಡಿಸಿದ ಸಂಗೀತದ ಕೀಬೋರ್ಡಿನ ಮನೆ ಒತ್ತಿದರೆ ಸಾಕು. ಅಸಲಿನಂತೆ ಕೇಳುತ್ತವೆಯೇ? ಒಂದೊಂದೇ ಸ್ವರ ಕೇಳಿದರೆ ಹೌದು, ಎಷ್ಟೋ ಸಲ ಗುರುತೇ ಸಿಗುವುದಿಲ್ಲ. ಎರಡು ಸ್ವರ ಸೇರಿಸಿ ಹಾಡಿಸಲು ಹೋದಾಗ ಗುಟ್ಟು ರಟ್ಟಾಗುತ್ತದೆ.

ಈ ನಕಲಿನ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ 1960ರ ದಶಕದ್ದು. ಝಾನ್ ಕ್ಲೋಡ್ ರಿಸೆ ಅಂತ ಒಬ್ಬ ಫ್ರೆಂಚ್ ವಿಜ್ಞಾನಿ. ಸಂಗೀತ ರಚಿಸುವವರೂ ಹೌದು. ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾಲಯದಲ್ಲಿ ಕೂತು ಕಂಪ್ಯೂಟರಿನಿಂದ ಟ್ರಂಪೆಟ್ ದನಿ ಹುಟ್ಟಿಸಲು ನೋಡಿದರು. ಯಾವುದೇ ಸ್ವರದ ಮೇಲೆ ಇನ್ನೂ ಹಲವು ಸಣ್ಣ ಸ್ವರಗಳು ಕೂತಿರುತ್ತವೆ, ಅವನ್ನು ಹಾರ್ಮೋನಿಕ್ ಅಂತಾರೆ. ಅವುಗಳ ಅಳತೆ ಪುಸ್ತಕಗಳಲ್ಲಿ ಆಗಲೇ ಇತ್ತು. ಆ ಅಳತೆ ಹಾಕಿ ಸ್ವರ ಕಟ್ಟಿದರೆ ಟ್ರಂಪೆಟ್ ಬರಲಿಲ್ಲ. ಆಗ ಅವರು ನಿಜವಾದ ಟ್ರಂಪೆಟ್ಟನ್ನೇ ರೆಕಾರ್ಡ್ ಮಾಡಿ, ಕ್ಷಣಕ್ಷಣವನ್ನೂ ಬಿಡಿಸಿ ನೋಡಿದರು. ಸ್ವರ ಶುರುವಾಗುವಾಗ ಕೆಳಗಿನ ಹಾರ್ಮೋನಿಕ್‌ಗಳು ಮೊದಲು ಬರುತ್ತವೆ, ಮೇಲಿನವು ಒಂಚೂರು ತಡವಾಗಿ. ದನಿ ಜೋರಾದಷ್ಟೂ ಮೇಲಿನವುಗಳ ಪಾಲು ಜಾಸ್ತಿಯಾಗುತ್ತದೆ. ಶ್ರುತಿಯೂ ಅಲ್ಲಾಡದೆ ನಿಲ್ಲುವುದಿಲ್ಲ, ಸಣ್ಣಗೆ ನಡುಗುತ್ತಿರುತ್ತದೆ. ಇಷ್ಟನ್ನೂ ಲೆಕ್ಕಕ್ಕೆ ಹಾಕಿದ ಮೇಲೆ ಅಸಲಿ ಯಾವುದು, ಕಂಪ್ಯೂಟರಿನದು ಯಾವುದು ಅಂತ ಹೇಳುವುದು ಕೇಳುವವರಿಗೆ ಕಷ್ಟವಾಯಿತು. ಅಂದಿನ ಕಂಪ್ಯೂಟರ್ ಕೋಣೆ ತುಂಬುವಷ್ಟು ದೊಡ್ಡದಿತ್ತು ಅನ್ನುವುದನ್ನು ಮರೆಯಬೇಡಿ.

ದನಿ ಜೋರಾದಷ್ಟೂ ಮೇಲಿನ ಹಾರ್ಮೋನಿಕ್ ಹೆಚ್ಚುತ್ತದೆ ಅನ್ನುವ ಅದೇ ಗುಟ್ಟನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ತಮ್ಮ ಎಫ್‌ಎಂ ಸಿಂಥೆಸಿಸ್‌ನಲ್ಲಿ, ಅಂದರೆ ಒಂದು ಅಲೆಯ ಕಂಪನವನ್ನು ಇನ್ನೊಂದು ಅಲೆಯಿಂದ ಏರಿಳಿಸಿ ದನಿ ಹುಟ್ಟಿಸುವ ವಿಧಾನದಲ್ಲಿ ಬಳಸಿದರು. ರೇಡಿಯೋದಲ್ಲಿ ಮಾತಾಡುತ್ತಾ ಎಫ್‌ಎಂ ಅಂದರೆ ಗೊಂದಲ ಆಗಬಹುದು. ತತ್ವ ಒಂದೇ, ಕೆಲಸ ಬೇರೆ. 1983ರಲ್ಲಿ ಯಮಾಹಾ ಕಂಪನಿ ಇದೇ ವಿಧಾನದ ಮೇಲೆ ಡಿಎಕ್ಸ್7 ಕೀಬೋರ್ಡ್ ತಂದಿತು. ಅದರಲ್ಲಿ ತುಂಬಿಕೊಟ್ಟ ಮೊದಲನೇ ದನಿಯ ಹೆಸರೇ 'ಬ್ರಾಸ್ 1', ಬ್ರಾಸ್ ಅಂದರೆ ಹಿತ್ತಾಳೆ. ಚೆನ್ನಾಗಿತ್ತು. ಆದರೆ ಅದನ್ನು ಕೇಳಿ ಯಾರೋ ಟ್ರಂಪೆಟ್ ಊದುತ್ತಿದ್ದಾರೆ ಅಂತ ಮೋಸಹೋದವರು ಇರಲಿಕ್ಕಿಲ್ಲ. ಅದು ಕೀಬೋರ್ಡಿನದೇ ದನಿಯಾಗಿ ಜನಪ್ರಿಯವಾಯಿತು.

ಈಗ ಜಾಸ್ತಿ ಬಳಕೆಯಲ್ಲಿರುವುದು ಸ್ಯಾಂಪಲ್. ನಿಜವಾದ ವಾದಕರನ್ನು ಕೂರಿಸಿ ಪ್ರತಿ ಸ್ವರವನ್ನೂ ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಊದಿಸಿ ರೆಕಾರ್ಡ್ ಮಾಡುತ್ತಾರೆ. ವಿಯೆನ್ನಾದಲ್ಲಿ, ಲಂಡನ್ನಿನಲ್ಲಿ ಇದನ್ನೇ ಉದ್ಯೋಗ ಮಾಡಿಕೊಂಡ ಕಂಪನಿಗಳಿವೆ. ಮನೆ ಒತ್ತಿದರೆ ಬರುವುದು ಅಸಲಿ ಟ್ರಂಪೆಟ್ಟಿನ ದನಿಯೇ. ಹಾಗಾದರೆ ತೊಂದರೆ ಎಲ್ಲಿ?

ಒಂದು ಉದ್ದನೆಯ ಸ್ವರವನ್ನು ಮೆಲ್ಲಗೆ ಶುರುಮಾಡಿ ಜೋರಿಗೆ ಏರಿಸಬೇಕು ಅಂದುಕೊಳ್ಳಿ. ಕೀಬೋರ್ಡಿನ ಪಕ್ಕದ ಚಕ್ರವನ್ನು ಮೇಲಕ್ಕೆ ತಳ್ಳುತ್ತೀರಿ. ಒಳಗೆ ಮೆಲ್ಲಗಿನ ರೆಕಾರ್ಡಿಂಗ್ ತಗ್ಗುತ್ತದೆ, ಮಧ್ಯಮದ್ದು ಏರುತ್ತದೆ. ಆ ಬದಲಾವಣೆಯ ನಡುವೆ ಅರೆಕ್ಷಣ ಎರಡೂ ಕೇಳುತ್ತವೆ. ಅಂದರೆ ಒಬ್ಬರೇ ಊದುತ್ತಿದ್ದ ಕಡೆ ಇನ್ನೊಬ್ಬರು ಬಂದು ಹೋದ ಹಾಗೆ. ದನಿ ಒಂದು ಸಲ ಕದಡಿ ಮತ್ತೆ ತಿಳಿಯಾಗುತ್ತದೆ. ಏಕಾಂಗಿ ಟ್ರಂಪೆಟ್ಟಿನಲ್ಲಿ ಕಿವಿ ಇದನ್ನು ತಕ್ಷಣ ಹಿಡಿಯುತ್ತದೆ. ಆರು ಹಾರ್ನ್‌ಗಳು ಒಟ್ಟಿಗೆ ನುಡಿಯುವ ಕಡೆ ಹಿಡಿಯುವುದಿಲ್ಲ, ಯಾಕೆಂದರೆ ಅಲ್ಲಿ ದನಿಗಳು ಮೊದಲೇ ಕಲೆತಿರುತ್ತವೆ. ಸಿನಿಮಾದ ಹಿನ್ನೆಲೆಯಲ್ಲಿ ಗುಂಪು ಹಿತ್ತಾಳೆ ಭರ್ಜರಿಯಾಗಿ ಮೊಳಗಿದರೆ ಅದು ಸಾಫ್ಟ್‌ವೇರ್ ಇರಬಹುದು ಅನ್ನುವ ಅನುಮಾನವೂ ಬರದೇ ಇರುವುದು ಇದಕ್ಕೇ.

ಇನ್ನು ಕೀಬೋರ್ಡ್ ಅನ್ನುವುದೇ ಒಂದು ಕಟ್ಟುಪಾಡು. ಮನೆ ಒತ್ತಿದ ಕ್ಷಣ ಕಂಪ್ಯೂಟರಿಗೆ ಒಂದು ಸಂಖ್ಯೆ ಹೋಗುತ್ತದೆ, 1ರಿಂದ 127ರ ಒಳಗೆ. ಎಷ್ಟು ಜೋರಾಗಿ ಹೊಡೆದಿರಿ ಅಂತ. ಪಿಯಾನೋಗೆ ಅಷ್ಟು ಸಾಕು, ಅಲ್ಲಿ ಹೊಡೆದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಊದುವವರ ಕೆಲಸ ಸ್ವರ ಹುಟ್ಟಿದ ಮೇಲೂ ಮುಗಿಯುವುದಿಲ್ಲ. ತುಟಿ, ನಾಲಗೆ, ಉಸಿರು ಮೂರೂ ಸ್ವರ ನಿಲ್ಲುವ ತನಕ ದುಡಿಯುತ್ತಲೇ ಇರುತ್ತವೆ. ನಮ್ಮ ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಮ್ಮನ್ನು ಹೊರಗಿಟ್ಟಿದ್ದು ನೆನಪಿದೆ ಅಲ್ವಾ? ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಗಮಕ ಬರುವುದಿಲ್ಲ ಅನ್ನುವುದು ಅದರ ಮೇಲಿನ ಮುಖ್ಯ ದೂರುಗಳಲ್ಲಿ ಒಂದು. ನಿಷೇಧ ಸರಿಯೋ ತಪ್ಪೋ, ದೂರಿನಲ್ಲಿ ಹುರುಳಿತ್ತು.

ಇದಕ್ಕೆ ಇನ್ನೊಂದು ದಾರಿ, ರೆಕಾರ್ಡಿಂಗ್ ಬಿಟ್ಟು ವಾದ್ಯವನ್ನೇ ಲೆಕ್ಕದಲ್ಲಿ ಕಟ್ಟುವುದು. ತುಟಿ ಹೇಗೆ ಅದುರುತ್ತದೆ, ಕೊಳವೆಯಲ್ಲಿ ಗಾಳಿ ಹೇಗೆ ಓಡಾಡುತ್ತದೆ ಅಂತ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. 1994ರಲ್ಲಿ ಬಂದ ಯಮಾಹಾ ವಿಎಲ್1 ಕೀಬೋರ್ಡ್ ಈ ಜಾತಿಯದು. ಈಗ ಇಟಲಿಯ ಆಡಿಯೋ ಮಾಡೆಲಿಂಗ್ ಕಂಪನಿಯ ಸ್ವಾಮ್ ಅನ್ನುವ ಸಾಫ್ಟ್‌ವೇರ್ ವಾದ್ಯಗಳೂ ಹೀಗೇ. ಇವಕ್ಕೆ ಬಾಯಲ್ಲಿ ಕಚ್ಚಿಕೊಂಡು ಊದುವ ಸಣ್ಣ ಸಾಧನ ಜೋಡಿಸಬಹುದು. ಆಗ ಬೆರಳು ಸ್ವರ ಆರಿಸುತ್ತದೆ, ಉಸಿರು ಅದನ್ನು ನಡೆಸುತ್ತದೆ. ಮೆಲ್ಲಗಿನಿಂದ ಜೋರಿಗೆ ಎಲ್ಲೂ ಕದಡದೆ ಏರಬಹುದು. ನನ್ನ ಕಿವಿಗೆ ಇವುಗಳ ದನಿ ಇನ್ನೂ ಸ್ವಲ್ಪ ಬಡಕಲು. ಆದರೂ ರಾಗ ಎಳೆಯುವ ಕಡೆ ಸ್ಯಾಂಪಲ್‌ಗಿಂತ ಇವೇ ನಂಬಿಕೆ ಹುಟ್ಟಿಸುತ್ತವೆ.

ಇಷ್ಟಾಗಿಯೂ ನಕಲು ಸಿಕ್ಕಿಬಿದ್ದರೆ ತಪ್ಪು ಸಾಫ್ಟ್‌ವೇರಿನದೇ ಅನ್ನಬೇಡಿ. ಎಷ್ಟೋ ಸಲ ಅದನ್ನು ಬಳಸುವವರಿಗೆ ವಾದ್ಯ ಗೊತ್ತಿರುವುದಿಲ್ಲ. ಟ್ರಾಂಬೋನಿನ ಜಾರು ಕೊಳವೆಗೆ ಏಳು ಸ್ಥಾನ. ಆ ಉದ್ದದೊಳಗೆ ಮಾತ್ರ ಒಂದೇ ಎಳೆತದಲ್ಲಿ ಜಾರಬಹುದು. ಕಂಪ್ಯೂಟರ್ ಎರಡು ಸ್ಥಾಯಿಯನ್ನು ಸುಮ್ನೆ ಜಾರಿಬಿಡುತ್ತದೆ, ಟ್ರಾಂಬೋನ್ ನುಡಿಸುವವರು ಕೇಳಿದರೆ ನಗುತ್ತಾರೆ. ಉಸಿರಿನ ವಿಷಯವೂ ಹಾಗೇ. ಕಂಪ್ಯೂಟರಿಗೆ ಉಸಿರು ಬೇಡ, ತುಟಿ ಸೋಲುವುದಿಲ್ಲ. ಬಿಡುವಿಲ್ಲದೆ ತಾರಸ್ಥಾಯಿಯಲ್ಲಿ ಬರೆದರೆ ನುಡಿಸಿಕೊಂಡು ಹೋಗುತ್ತದೆ. ಕೇಳುವವರಿಗೆ ಏನು ತಪ್ಪಿದೆ ಅಂತ ಗೊತ್ತಾಗದಿದ್ದರೂ ಉಸಿರುಕಟ್ಟಿದ ಹಾಗಾಗುತ್ತದೆ. ಬರೆಯುವವರು ಪ್ರತಿ ಸಾಲನ್ನೂ ಒಮ್ಮೆ ಬಾಯಲ್ಲಿ ಹಾಡಿಕೊಂಡರೆ ಸಾಕು, ಎಲ್ಲಿ ನಿಲ್ಲಬೇಕು ಅಂತ ತಾನಾಗೇ ತಿಳಿಯುತ್ತದೆ.

ಮನೆಯಲ್ಲೇ ಸಂಗೀತ ಮಾಡುವ ಹುಡುಗ ಹುಡುಗಿಯರು ಈಗ ತುಂಬಾ ಜನ ಇದ್ದಾರೆ. ನಾಲ್ಕು ಜನ ಟ್ರಂಪೆಟ್‌ನವರನ್ನು ಕರೆಸುವ ದುಡ್ಡು ಅವರ ಹತ್ತಿರ ಇರುವುದಿಲ್ಲ. ಒಬ್ಬರನ್ನು ಕರೆಸಬಹುದಲ್ಲ? ಹಿಂದಿನ ಮೂರು ಸಾಲನ್ನು ಕಂಪ್ಯೂಟರಿಗೆ ಬಿಡಿ, ಮೇಲಿನ ಸಾಲನ್ನು ಅವರಿಂದ ಊದಿಸಿ. ಸ್ಟುಡಿಯೋಗಳಲ್ಲಿ ಇದು ಹಳೆಯ ಉಪಾಯ. ಆ ಒಂದು ಅಸಲಿ ದನಿಯ ಹಿಂದೆ ಉಳಿದ ಮೂರೂ ಅಸಲಿಯಾಗಿಯೇ ಕೇಳುತ್ತವೆ. ಅವರು ಬಂದಾಗ, ನೀವು ಬರೆದಿದ್ದರಲ್ಲಿ ಯಾವುದು ಊದಲು ಆಗುವುದಿಲ್ಲ ಅಂತಲೂ ಕೇಳಿಕೊಳ್ಳಿ. ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.

ನಮಸ್ಕಾರ.