ಕರುಳಿಗೆ ಇಳಿದ ಎಂಡೊಮೆಟ್ರಿಯೋಸಿಸ್: ಮಾತ್ರೆ ಎಲ್ಲಿಯವರೆಗೆ, ಆಪರೇಷನ್ ಯಾವಾಗ?

[ಪರದೆ: ಕ್ಯಾಲೆಂಡರ್. ಮುಟ್ಟಿನ ದಿನಗಳಿಗೆ ಕೆಂಪು ಗುರುತು.]

ಮುಟ್ಟಾದಾಗ ಮೋಷನ್‌ಗೆ ಕೂತರೆ ಗುದದ್ವಾರದ ಒಳಗೆ ಚುಚ್ಚಿದಂಥ ನೋವು. ಅದೇ ದಿನಗಳಲ್ಲಿ ಭೇದಿ, ಇಲ್ಲವೇ ಮಲಬದ್ಧತೆ, ಹೊಟ್ಟೆ ಉಬ್ಬರ. ಮುಟ್ಟು ನಿಂತ ಮೇಲೆ ಎಷ್ಟೋ ಹಗುರ. ಇದು ಕರುಳಿನ ಎಂಡೊಮೆಟ್ರಿಯೋಸಿಸ್ ಇರಬಹುದು. ನಮ್ಮಲ್ಲಿ ಹೊಟ್ಟೆಯ ಯಾವ ತೊಂದರೆಗೂ ‘ಗ್ಯಾಸ್ಟ್ರಿಕ್’ ಅನ್ನೋ ಒಂದೇ ಹೆಸರು ಇರೋದರಿಂದ ಈ ತಿಂಗಳ ಲೆಕ್ಕ ಯಾರ ಕಣ್ಣಿಗೂ ಬೀಳದೆ ವರ್ಷಗಳು ಕಳೆಯುತ್ತವೆ. ಎರಡು ಮೂರು ತಿಂಗಳು ಮುಟ್ಟಿನ ದಿನ, ಮೋಷನ್, ನೋವು ಮೂರನ್ನೂ ಬರೆದಿಟ್ಟು ಡಾಕ್ಟರ್‌ಗೆ ತೋರಿಸಿ.

[ಪರದೆ: ಕರುಳಿನ ಗೋಡೆಯ ಅಡ್ಡಛೇದ.]

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯೋದೇ ಎಂಡೊಮೆಟ್ರಿಯೋಸಿಸ್. ಇಲ್ಲಿ ಅದು ಕರುಳಿನ ಹೊರಮೈಗೆ ಅಂಟಿ, ಅಲ್ಲಿಂದ ಸ್ನಾಯುಪದರಕ್ಕೆ ಇಳಿಯುತ್ತೆ. ಹತ್ತರಲ್ಲಿ ಸುಮಾರು ಒಂಬತ್ತು ಸಲ ಇದು ಸಿಗೋದು ಗುದನಾಳದಲ್ಲಿ ಅಥವಾ ಅದರ ಮೇಲಿನ ಸಿಗ್ಮಾಯ್ಡ್ ಕರುಳಲ್ಲಿ. ಮನೆಯ ಹೊರಗೋಡೆಯಲ್ಲಿ ಬೇರುಬಿಟ್ಟ ಅರಳಿ ಗಿಡ ಒಳಗೆ ಕೂತವರಿಗೆ ಕಾಣಲ್ಲ, ಅಲ್ಲವಾ? ಕರುಳಿನ ಒಳಗೆ ಕ್ಯಾಮೆರಾ ಬಿಟ್ಟು ನೋಡೋ ಕೊಲೊನೊಸ್ಕೋಪಿ ಎಷ್ಟೋ ಸಲ ‘ನಾರ್ಮಲ್’ ಅಂತ ಬರೋದು ಇದೇ ಕಾರಣಕ್ಕೆ. ಅದನ್ನು ನಂಬಿ ಹುಡುಕಾಟ ನಿಲ್ಲಿಸಬೇಡಿ.

ಬೇಕಾಗಿರೋದು ಎಂಡೊಮೆಟ್ರಿಯೋಸಿಸ್ ನೋಡಿ ಪಳಗಿದವರು ಮಾಡೋ ಯೋನಿಮಾರ್ಗದ ಸ್ಕ್ಯಾನ್ ಅಥವಾ ಪೆಲ್ವಿಸ್ (ಕೆಳಹೊಟ್ಟೆ, ಸೊಂಟದ ಭಾಗ) ಎಂಆರ್‌ಐ. ರಿಪೋರ್ಟ್‌ನಲ್ಲಿ ‘ಕರುಳಿನಲ್ಲಿ ಗಂಟು ಇದೆ’ ಅಂತ ಒಂದು ಸಾಲು ಬರೆದರೆ ಸಾಲದು. ಗಂಟಿನ ಉದ್ದ ಎಷ್ಟು, ಎಷ್ಟು ಆಳಕ್ಕೆ ಇಳಿದಿದೆ, ಕರುಳಿನ ಸುತ್ತಳತೆಯಲ್ಲಿ ಎಷ್ಟು ಪಾಲು ಹಿಡಿದಿದೆ, ಗುದದ್ವಾರದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ, ಒಂದೇ ಗಂಟೋ ಹಲವೋ. ಮುಂದಿನ ತೀರ್ಮಾನ ನಿಂತಿರೋದು ಈ ಅಳತೆಗಳ ಮೇಲೆ. ಜೊತೆಗೆ ಕಿಡ್ನಿ ಸ್ಕ್ಯಾನ್ ಕೂಡ ಆಗಲೇಬೇಕು. ಆಳಕ್ಕೆ ಇಳಿದ ಎಂಡೊಮೆಟ್ರಿಯೋಸಿಸ್ ಕಿಡ್ನಿಯಿಂದ ಇಳಿಯೋ ಮೂತ್ರನಾಳವನ್ನು ಒತ್ತಿದರೆ ಕಿಡ್ನಿ ಸದ್ದಿಲ್ಲದೆ ಹಾಳಾಗಬಹುದು, ಪಕ್ಕೆ ನೋವೂ ಬರದೇ ಇರಬಹುದು.

[ಪರದೆ: ಮಾತ್ರೆಯ ಸ್ಟ್ರಿಪ್.]

ಕರುಳು ಕಿರಿದಾಗಿಲ್ಲ, ಸದ್ಯಕ್ಕೆ ಮಗು ಬೇಡ ಅಂದರೆ ಮೊದಲು ಹಾರ್ಮೋನ್. ಹೆಚ್ಚಾಗಿ ಬರೆದುಕೊಡೋದು ಡೈಯೆನೊಜೆಸ್ಟ್ 2 ಮಿಲಿಗ್ರಾಂ, ದಿನಕ್ಕೊಂದು, ದಿನವೂ ಒಂದೇ ಹೊತ್ತಿಗೆ, ನಡುವೆ ಬಿಡದೆ. ಮೊದಲ ಕೆಲವು ತಿಂಗಳು ಹೊತ್ತುಗೊತ್ತಿಲ್ಲದೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುತ್ತೆ. ಮಾತ್ರೆ ಒಗ್ಗಲಿಲ್ಲ ಅಂದುಕೊಂಡು ಬಿಟ್ಟುಬಿಡೋದು ಬಹುಪಾಲು ಇಲ್ಲೇ. ಇದು ಹೆಚ್ಚಿನವರಲ್ಲಿ ಬರಬರುತ್ತಾ ಕಡಿಮೆಯಾಗುತ್ತೆ, ಕಾಯಿರಿ. ಆದರೆ ಮನಸ್ಸು ಕುಗ್ಗಿದರೆ ಕಾಯಬೇಡಿ, ಕೂಡಲೇ ಹೇಳಿ. ಇನ್ನೊಂದು ಮಾತು: ಡೈಯೆನೊಜೆಸ್ಟ್ 2 ಮಿಲಿಗ್ರಾಂ ಮಾತ್ರೆಯನ್ನು ಗರ್ಭನಿರೋಧಕ ಅಂತ ನೆಚ್ಚಬಾರದು, ಕಾಂಡೋಮ್ ಬೇಕು.

ಗರ್ಭನಿರೋಧಕ ಮಾತ್ರೆಯನ್ನೇ ನಡುವೆ ಬಿಡುವಿಲ್ಲದೆ ತೆಗೆದುಕೊಳ್ಳೋದು ಇನ್ನೊಂದು ದಾರಿ. ಕಣ್ಣ ಮುಂದೆ ಮಿಂಚು ಕಂಡು ಬರೋ ಮೈಗ್ರೇನ್ ಇರುವವರಿಗೆ, ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಇದು ಸಲ್ಲದು. ಮೂರನೆಯದು ಅಂಡಾಶಯದ ಹಾರ್ಮೋನ್ ತಗ್ಗಿಸೋ ಲ್ಯುಪ್ರೋಲೈಡ್ ಇಂಜೆಕ್ಷನ್, ತಿಂಗಳಿಗೆ 3.75 ಮಿಲಿಗ್ರಾಂ. ಮೊದಲ ವಾರ ಎರಡು ವಾರ ನೋವು ಏರಬಹುದು, ಆಮೇಲೆ ಇಳಿಯುತ್ತೆ. ಇದರ ಅಡ್ಡಪರಿಣಾಮ ಏನು ಅಂದರೆ ಮೂಳೆಯ ಸವಕಳಿ, ಮೈ ಬಿಸಿಯೇರೋದು. ಅದಕ್ಕೇ ಜೊತೆಗೆ ಸಣ್ಣ ಪ್ರಮಾಣದ ಹಾರ್ಮೋನ್ ಮರಳಿ ಕೊಡ್ತಾರೆ.

ಇವೆಲ್ಲ ಗಂಟನ್ನು ಮಲಗಿಸುತ್ತವೆ, ಕರಗಿಸಲ್ಲ. ಗಟ್ಟಿಯಾಗಿ ನಾರುಗಟ್ಟಿದ ಭಾಗಕ್ಕೆ ಯಾವ ಮಾತ್ರೆಯೂ ಏನೂ ಮಾಡಲ್ಲ. ಬಿಟ್ಟ ಮೇಲೆ ನೋವು ಮರಳೋದು ಸಾಮಾನ್ಯ. ಗರ್ಭಧಾರಣೆಗೂ ಇವು ನೆರವಾಗಲ್ಲ, ತೆಗೆದುಕೊಳ್ಳೋವಷ್ಟು ದಿನ ಗರ್ಭ ನಿಲ್ಲೋ ಸಾಧ್ಯತೆ ಕಡಿಮೆ, ಅಷ್ಟೇ.

[ಪರದೆ: ಮೂರು ರೇಖಾಚಿತ್ರ, ಒಂದರ ಪಕ್ಕ ಒಂದು.]

ಮಾತ್ರೆಗೆ ನೋವು ಬಗ್ಗದಿದ್ದರೆ, ಕರುಳು ಕಿರಿದಾಗಿದ್ದರೆ, ಕಿಡ್ನಿಗೆ ಪೆಟ್ಟು ಬೀಳ್ತಿದ್ದರೆ ಆಪರೇಷನ್. ವಾಂತಿ, ಊದಿದ ಹೊಟ್ಟೆ, ಗಾಳಿಯೂ ಹೋಗ್ತಿಲ್ಲ ಅನ್ನೋ ಸ್ಥಿತಿಯಾದರೆ ಅದು ಎಮರ್ಜೆನ್ಸಿ.

ಸಾಮಾನ್ಯವಾಗಿ ಲ್ಯಾಪ್ರೋಸ್ಕೋಪಿಯಲ್ಲೇ, ಅಂದರೆ ಸಣ್ಣ ರಂಧ್ರಗಳ ಮೂಲಕವೇ ಮಾಡ್ತಾರೆ. ಗಂಟು ಮೇಲುಮೇಲಿದ್ದರೆ ಶೇವಿಂಗ್: ಕರುಳನ್ನು ತೆರೆಯದೆ ಹೆರೆದು ತೆಗೆಯೋದು. ಸ್ನಾಯುವಿಗೆ ಇಳಿದ ಒಂದೇ ಗಂಟು, ಸುಮಾರು 3 ಸೆಂಟಿಮೀಟರ್ ಒಳಗೆ, ಸುತ್ತಳತೆಯಲ್ಲಿ ಮೂರನೇ ಒಂದು ಪಾಲು ಮೀರಿಲ್ಲ ಅಂದರೆ ಡಿಸ್ಕ್ ಎಕ್ಸಿಷನ್: ಗುದದ್ವಾರದಿಂದ ಸ್ಟೇಪ್ಲರ್ ತೂರಿಸಿ ಬಿಲ್ಲೆಯಷ್ಟು ಗೋಡೆ ಕತ್ತರಿಸಿ ಅಲ್ಲೇ ಹೊಲಿಯೋದು. ಅದಕ್ಕಿಂತ ದೊಡ್ಡದಿದ್ದರೆ, ಹಲವಿದ್ದರೆ, ಕರುಳು ಅರ್ಧಕ್ಕಿಂತ ಕಿರಿದಾಗಿದ್ದರೆ ಆ ತುಂಡನ್ನೇ ತೆಗೆದು ತುದಿಗಳನ್ನು ಜೋಡಿಸಬೇಕು.

ಸಾಧ್ಯವಾದ ಕಡೆ ಕಡಿಮೆ ಕತ್ತರಿಸೋದೇ ಸರಿ ಅನ್ನೋದು ನಮ್ಮ ಅಭಿಪ್ರಾಯ. ಹಾಗಂತ ತುಂಡು ತೆಗೆದವರ ಕರುಳೆಲ್ಲ ಕೆಟ್ಟೇಹೋಗುತ್ತೆ ಅಂತಲೂ ಅಲ್ಲ. ಫ್ರಾನ್ಸಿನಲ್ಲಿ 60 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶೇವಿಂಗ್ ಅಥವಾ ಡಿಸ್ಕ್, ಇನ್ನೊಂದಕ್ಕೆ ತುಂಡು ತೆಗೆಯೋ ಆಪರೇಷನ್ ಅಂತ ನಡೆಸಿದ, 2018ರಲ್ಲಿ ಪ್ರಕಟವಾದ ಎಂಡೋರ್ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಕರುಳು, ಮೂತ್ರದ ಕೆಲಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಗರ್ಭಕೋಶ ತೆಗೆಸಿಬಿಡಿ, ಎಲ್ಲ ಮುಗಿಯುತ್ತೆ ಅನ್ನೋ ಸಲಹೆ ಬಂದರೆ ಒಂದೇ ಪ್ರಶ್ನೆ ಕೇಳಿ: ಕರುಳಿನ ಗಂಟು ಏನಾಗುತ್ತೆ? ಅದನ್ನು ಉಳಿಸಿ ಗರ್ಭಕೋಶ ಮಾತ್ರ ತೆಗೆದರೆ ಮೋಷನ್ ನೋವು ಉಳಿಯಬಹುದು. ಸ್ತ್ರೀರೋಗ ತಜ್ಞರ ಜೊತೆ ಕರುಳಿನ ಸರ್ಜನ್ ಇರ್ತಾರಾ ಅಂತಲೂ ಕೇಳಿ.

ಆಪರೇಷನ್ ಆದ ಮೇಲೆ ದೊಡ್ಡ ಭಯ ಹೊಲಿಗೆ ಸೋರೋದು. ಗುದದ್ವಾರಕ್ಕೆ ಹತ್ತಿರವಾದಷ್ಟೂ ಅಪಾಯ ಜಾಸ್ತಿ. ಅಂಥಲ್ಲಿ ಕೆಲವು ವಾರಗಳ ಮಟ್ಟಿಗೆ ಹೊಟ್ಟೆಯ ಮೇಲೆ ಮಲದ ಚೀಲ ಇಡಬಹುದು. ಮೊದಲ ವಾರದಲ್ಲಿ ಜ್ವರ, ಓಡುವ ನಾಡಿ, ಏರುತ್ತಿರೋ ಹೊಟ್ಟೆನೋವು ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಯೋನಿಯಿಂದ ಗಾಳಿ ಅಥವಾ ಮಲ ಬಂದರೆ ಕರುಳು ಮತ್ತು ಯೋನಿಯ ನಡುವೆ ದಾರಿಯಾಗಿದೆ ಅಂತ ಅರ್ಥ. ಮೂತ್ರ ಪೂರ್ತಿ ಖಾಲಿಯಾಗದಿದ್ದರೆ ಕ್ಯಾತಿಟರ್ (ಮೂತ್ರ ಹೊರತೆಗೆಯೋ ನಳಿಕೆ) ಬೇಕಾಗಬಹುದು, ಹೆಚ್ಚಿನವರಿಗೆ ತಾತ್ಕಾಲಿಕ.

ಸದ್ಯ ಮಗು ಬೇಡದವರು ಆಮೇಲೂ ಹಾರ್ಮೋನ್ ಮುಂದುವರಿಸಬೇಕು. ಸಂತಾನೋತ್ಪತ್ತಿ ವೈದ್ಯಶಾಸ್ತ್ರದ ಯುರೋಪಿನ ಎಶ್ರೆ ಸಂಸ್ಥೆಯ 2022ರ ಮಾರ್ಗಸೂಚಿ ಮುಟ್ಟಿನ ನೋವು ಮರುಕಳಿಸದಂತೆ ಗರ್ಭನಿರೋಧಕ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡೋ, ಹಾರ್ಮೋನ್ ಬಿಡುವ 52 ಮಿಲಿಗ್ರಾಂ ಐಯುಡಿಯನ್ನು ಕನಿಷ್ಠ 18ರಿಂದ 24 ತಿಂಗಳು ಬಳಸಲು ಹೇಳುತ್ತೆ. ಮಗು ಬೇಕು ಅನ್ನೋರು ಇದನ್ನು ಶುರುಮಾಡೋದಿಲ್ಲ, ಹೊಲಿಗೆ ಮಾಗಿದ ಮೇಲೆ ಯಾವಾಗಿಂದ ಪ್ರಯತ್ನಿಸಬಹುದು ಅಂತ ಸರ್ಜನ್ ಹತ್ತಿರ ಕೇಳಿಕೊಳ್ತಾರೆ.