ರೇಟು ಕಟ್ಟಿದವ್ರು ಯಾರು? ಬಾಗಲಕೋಟಿ ಪ್ಯಾಟ್ಯಾಗ ಅರ್ಥವ್ಯವಸ್ಥೆಯ ಪಾಠ

ನಮಸ್ಕಾರ್ರಿ. ಬಂಡವಾಳಶಾಹಿ, ಸಮಾಜವಾದ, ಮಿಶ್ರ ಅರ್ಥವ್ಯವಸ್ಥೆ ಅಂತ ಹುಡುಗರಿಗೆ ವ್ಯಾಖ್ಯಾನ ಬರೆಸಿದ್ರ, ಪರೀಕ್ಷೆ ಮುಗಿಯೂತನಕ ಅಷ್ಟ ನೆನಪಿರ್ತಾವು. ಅದರ ಬದ್ಲಿ ಒಂದ ಪ್ರಶ್ನೆ ಹಿಡೀರಿ: ಈ ರೇಟು ಕಟ್ಟಿದವ್ರು ಯಾರು? ಪ್ಯಾಟ್ಯಾಗ ಮಂದಿ ಕೂಗಿ ಕಟ್ಟಿದ್ರ ಬಂಡವಾಳಶಾಹಿ ಕಡೆ, ಸರ್ಕಾರ ಕಟ್ಟಿದ್ರ ಸಮಾಜವಾದದ ಕಡೆ, ಎರಡೂ ಕೂಡಿದ್ರ ಮಿಶ್ರ. ಹತ್ತರಿಂದ ಹದಿಮೂರು ವರ್ಷದ ಹುಡುಗರಿಗೆ ಇಷ್ಟು ಸಾಕು.

ಸಾಮಾನು ಇಲ್ಲೇ ಸಿಗ್ತಾವು. ಎಪಿಎಂಸಿಯಿಂದ (ಕೃಷಿ ಮಾರುಕಟ್ಟೆಯಿಂದ) ಒಂದ ದಿನದ್ದು ಎರಡು ಉಳ್ಳಾಗಡ್ಡಿ ಪಟ್ಟಿ, ಅಂದ್ರ ರೈತರು ಮಾರಿದ ಬಿಲ್ಲು, ತರ್ರಿ, ರೈತರ ಹೆಸರು ಮುಚ್ಚಿ ಝೆರಾಕ್ಸ್ ಮಾಡಿಸ್ರಿ. ಎರಡರಾಗೂ ರೇಟು ಬ್ಯಾರೆ ಇರ್ತೈತಿ. ಗಡ್ಡಿ ಗಾತ್ರ, ಹಸಿ-ಒಣ ನೋಡಿ ಲಿಲಾವಿನ್ಯಾಗ ಕೂಗಿದ್ದು ಅದು. ರೇಷನ್ ಅಂಗಡಿ ಫಲಕದ ಫೋಟೊ ತಗೊಳ್ರಿ. ಅಲ್ಲಿ ಕೂಗಾಟ ಇಲ್ಲ, ಸರ್ಕಾರ ಬರೆದಿದ್ದ ಲೆಕ್ಕ.

ಕಬ್ಬಿನ ಬಿಲ್ಲು ಮಾತ್ರ ನಿಧಾನಕ್ಕ ಓದಿಸ್ರಿ. 2025-26ರ ಹಂಗಾಮಿಗೆ 10.25 ಪರ್ಸೆಂಟ್ ಸಕ್ಕರಿ ಇಳುವರಿಗೆ ಕೇಂದ್ರ ಸರ್ಕಾರ ಕಟ್ಟಿದ ಎಫ್‌ಆರ್‌ಪಿ (ಫ್ಯಾಕ್ಟರಿ ರೈತಗ ಕೊಡಬೇಕಾದ ಕನಿಷ್ಠ ದರ) ಕ್ವಿಂಟಲ್‌ಗೆ 355 ರೂಪಾಯಿ. ಹೊಲ ರೈತಂದು, ಫ್ಯಾಕ್ಟರಿ ಖಾಸಗಿ ಇಲ್ಲಾ ಸಹಕಾರಿ, ಕನಿಷ್ಠ ದರ ಸರ್ಕಾರದ್ದು. ಕಟಾವು-ಸಾಗಣೆ ಮುರಿದ ಮ್ಯಾಲೆ ಕೈಗೆ ಬಂದದ್ದೆಷ್ಟು ಅಂತ ಹುಡುಗರ ಕೈಲೇ ಲೆಕ್ಕ ಹಾಕಿಸ್ರಿ. ಮಿಶ್ರ ಅರ್ಥವ್ಯವಸ್ಥೆ ಒಂದ ಕಾಗದದಾಗ ಕಾಣ್ತೈತಿ.

ಪ್ಯಾಟಿನೂ ಅಲ್ಲ, ಸರ್ಕಾರನೂ ಅಲ್ಲ, ರೂಢಿ ಕಟ್ಟಿದ್ದೂ ಇತ್ತು. ಹಿರಿಯರನ್ನ ಕರೆದು ಆಯದ ಬಗ್ಗೆ ಹೇಳಸ್ರಿ: ಬಡಿಗ್ಯಾರ, ಕಮ್ಮಾರ ವರ್ಷಪೂರ್ತಿ ಕೆಲಸ ಮಾಡಿ ಸುಗ್ಗ್ಯಾಗ ಕಣದಾಗ ಜೋಳ ಒಯ್ಯೂದು. ಕಸಬು ಹುಟ್ಟಿನಿಂದ ಬರ್ತಿತ್ತು, ಬಿಡೂದು ಸುಲಭ ಇದ್ದಿಲ್ಲ ಅನ್ನೂದನ್ನೂ ಹೇಳ್ರಿ. ಇಲ್ಲಾಂದ್ರ ಹಳೇದೆಲ್ಲ ಚಂದಿತ್ತು ಅಂತ ತಿಳ್ಕೊಂಡು ಹೋಗ್ತಾರ.

ಇನ್ನ ಆಟ. 12 ಹುಡುಗರು, 6 ಶೇಂಗಾ ಉಂಡಿ, 18 ಪೆಪ್ಪರಮಿಂಟು, ರೊಕ್ಕದ ಬದ್ಲಿ 120 ಹುಣಸಿ ಬೀಜ. ಮೊದಲ ಸುತ್ತಿನ್ಯಾಗ ಇನ್ನೊಬ್ಬ ಹುಡುಗ ಸರ್ಕಾರ ಆಗಿ ಹೊರಗ ಕುಂತು, ಯಾರನ್ನೂ ಕೇಳದ, ಯಾರಿಗೆ ಏನು ಅಂತ ಚೀಟಿ ಬರೀಲಿ. ಉಂಡಿ ಬ್ಯಾಡಾದವಗ ಉಂಡಿ ಬರ್ತೈತಿ, ಕದ್ದು ಅದಲು-ಬದಲು ಶುರು ಆಗ್ತೈತಿ. ಬೈಬ್ಯಾಡ್ರಿ, ಸೋವಿಯತ್ ಒಕ್ಕೂಟದಾಗ ಸರ್ಕಾರದ ಯೋಜನೆ ಬಾಜೂಕ ಕಾಳಸಂತಿ ಇದ್ದದ್ದು ಹೇಳಾಕ ಅದ ಹೊತ್ತು. ಆಮ್ಯಾಲೆ ಎಲ್ಲಾರ ಬೇಡಿಕೆ ಬರೆಸಿಕೊಂಡು ಮತ್ತ ಹಂಚಲಿ. ಉಂಡಿ ಬೇಡಿದವ್ರು ಹತ್ತು ಮಂದಿ ಇದ್ರ, ಆರ ಯಾರಿಗೆ? ಇಲ್ಲೇ ಮಾತು ಏಳ್ತೈತಿ, ಅವಸರ ಮಾಡಬ್ಯಾಡ್ರಿ.

ಎರಡನೇ ಸುತ್ತು ಲಿಲಾವು, ಒಂದೊಂದ ಉಂಡಿ. ಭಾಳ ಮಂದಿ ತಪ್ಪೂದು ಇಲ್ಲೇ: ಎಲ್ಲಾರಿಗೂ ಹತ್ತತ್ತು ಬೀಜ ಕೊಟ್ಟು ಬಿಡ್ತಾರ. ಹಂಗಾದ್ರ ಮಾರುಕಟ್ಟೆ ನ್ಯಾಯದ್ದ ಅನ್ನಿಸ್ತೈತಿ. ಮತ್ತೊಮ್ಮೆ ಆಡಸ್ರಿ, ಈ ಸಲ ಇಬ್ಬರಿಗೆ 30, ಉಳಿದ ಹತ್ತು ಮಂದಿಗೆ 6. ಬೀಜ ಅಷ್ಟ, ಉಂಡಿ ಅಷ್ಟ, ಒಯ್ದವ್ರು ಬ್ಯಾರೆ.

ಕಲಿಸೋರು ಮೊದಲ ಓದಾಕ ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ಮೊದಲ ಅಧ್ಯಾಯ ಸಾಕು. ರಿಸರ್ವ್ ಬ್ಯಾಂಕಿನ ಮಕ್ಕಳ ಪುಸ್ತಕ ಉಳಿತಾಯ ಕಲಿಸಾಕ ಚಲೋ, ಈ ಪಾಠಕ್ಕಲ್ಲ.

ಉಂಡಿ ಎಣಿಸಿ ಬರಕೊಂಡ ಮ್ಯಾಲೆ ತಿನ್ನಾಕ ಬಿಡ್ರಿ. ಮೊದಲ ತಿಂದ್ರ ಲೆಕ್ಕ ಸಿಗೂದಿಲ್ಲ.