ಹೋಸಿನ ಆ ಕಡೆ ತುದಿ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ನನ್ನ ಮಾತು ಮುಖ್ಯವಾಗಿ ಅಣುಸ್ಥಾವರಗಳಲ್ಲಿ ಶಟ್‌ಡೌನ್ ಕೆಲಸಕ್ಕೆ ಹೋಗೋ ಫಿಟ್ಟರು, ವೆಲ್ಡರು, ಹೆಲ್ಪರುಗಳಿಗೆ, ಅಂದ್ರೆ ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಬೆನ್ನ ಹಿಂದೆ ಉದ್ದಕ್ಕೆ ಹೋಸ್ ಎಳ್ಕೊಂಡು ಓಡಾಡ್ತೀರಲ್ಲ, ನಿಮಗೆ. ರೇಡಿಯೇಷನ್ ಬಗ್ಗೆ ದೊಡ್ಡ ಭಾಷಣ ಕಾಯ್ತಾ ಇದ್ರೆ ಸ್ವಲ್ಪ ನಿರಾಸೆ ಆಗಬಹುದು. ನಾನು ಬಂದಿರೋದು ಗಾಳಿ ಬಗ್ಗೆ ಮಾತಾಡೋಕೆ, ಅದ್ರಲ್ಲೂ ಒಂದೇ ಒಂದು ಪ್ರಶ್ನೆ ಕೇಳೋಕೆ. ನಿಮ್ಮ ಹೋಸಿನ ಆ ಕಡೆ ತುದಿ ಯಾವುದಕ್ಕೆ ಸಿಕ್ಕಿಸಿದೆ?

ಹೋಸ್ ಯಾಕೆ ಬೇಕು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ಧೂಳಿನ ಥರ ಇರೋ ಆಕ್ಟಿವಿಟಿನ, ಅಂದ್ರೆ ರೇಡಿಯೇಷನ್ ಬಿಡೋ ಕಣಗಳನ್ನ, ಫಿಲ್ಟರ್ ಮಾಸ್ಕ್ ತಡೆಯುತ್ತೆ. ಆದ್ರೆ ಭಾರಜಲದ ರಿಯಾಕ್ಟರ್‌ಗಳಲ್ಲಿ ಟ್ರಿಟಿಯಂ ಇರುತ್ತಲ್ಲ, ರೇಡಿಯೇಷನ್ ಬಿಡೋ ಒಂದು ಥರದ ಹೈಡ್ರೋಜನ್, ಅದು ನೀರಿನ ಆವಿ ಆಗೇ ಗಾಳಿಲಿ ಸೇರ್ಕೊಂಡಿರುತ್ತೆ, ಧೂಳು ಹಿಡಿಯೋ ಫಿಲ್ಟರ್‌ಗೆ ಅದು ಸಿಗಲ್ಲ, ಉಸಿರಲ್ಲೂ ಹೋಗುತ್ತೆ, ಚರ್ಮದಲ್ಲೂ ಇಳಿಯುತ್ತೆ. ಅದಕ್ಕೇ ಪ್ಲಾಸ್ಟಿಕ್ ಸೂಟು, ಸೂಟಿಗೊಂದು ಗಾಳಿ ಲೈನು. ರೂಮಿನ ಗಾಳಿ ಏನೇ ಆಗಿರ್ಲಿ, ನಿಮಗೆ ಹೊರಗಿಂದ ಒಳ್ಳೇ ಗಾಳಿ. ಸರಿ, ಆದ್ರೆ ಹೊರಗಿಂದ ತಂದ ಗಾಳಿನೇ ಕೆಟ್ಟಿದ್ರೆ? ರೂಮಲ್ಲಿ ಏರ್ ಮಾನಿಟರ್ ಇದೆ, ಹೆಚ್ಚುಕಮ್ಮಿ ಆದ್ರೆ ಕೂಗ್ಕೊಳ್ಳುತ್ತೆ. ನಿಮ್ಮ ಮಾಸ್ಕ್ ಒಳಗೆ ಕೂಗೋರು ಯಾರಿದ್ದಾರೆ?

ಒಂದು ಘಟನೆ ಹೇಳ್ತೀನಿ. ನಾನು ಆಗ ರೇಡಿಯೇಷನ್ ಸೇಫ್ಟಿ ಸೆಕ್ಷನ್‌ಗೆ ಹೊಸಬ, ಕೈಯಲ್ಲಿ ಮೀಟರ್, ತಲೇಲಿ ಸ್ವಲ್ಪ ಧಿಮಾಕು. ಯಾವ ಸ್ಥಾವರ ಅಂತ ಕೇಳಬೇಡಿ. ಶಟ್‌ಡೌನ್ ನಡೀತಿತ್ತು, ಒಂದು ಟ್ಯಾಂಕ್ ಒಳಗೆ ಇಳಿದು ವಾಲ್ವ್ ಬದಲಾಯಿಸೋ ಕೆಲಸ. ಆ ಜಾಗದಲ್ಲಿ ಉಸಿರಾಟದ ಗಾಳಿಗೆ ಅಂತ ಬೇರೆ ಲೈನೇ ಇರ್ಲಿಲ್ಲ, ಸರ್ವಿಸ್ ಏರ್ ಹೆಡರ್‌ಗೇ, ಅಂದ್ರೆ ಆ ಗಾಳಿ ಹಂಚೋ ದೊಡ್ಡ ಪೈಪಿಗೇ, ಒಂದು ಫಿಲ್ಟರ್ ಡಬ್ಬ ಕೂರಿಸಿ ಅಲ್ಲಿಂದ ಹೋಸ್ ಎಳೆದಿದ್ರು. ಸರ್ವಿಸ್ ಏರ್ ಅಂದ್ರೆ ಗೊತ್ತಲ್ಲ, ಗ್ರೈಂಡರ್ ಓಡಿಸೋಕೆ, ಟ್ಯಾಂಕ್ ಕಲಕೋಕೆ, ನೆಲ ಊದೋಕೆ, ಎಲ್ಲಕ್ಕೂ ಅದೇ. ನಾನು ರೂಮ್ ಅಳೆದೆ, ಗಾಳಿ ಸ್ಯಾಂಪಲ್ ತಗೊಂಡೆ, ಪರ್ಮಿಟ್ ಮೇಲೆ ಸೈನ್ ಹಾಕಿದೆ.

ಒಳಗೆ ಇಳಿಯೋಕೆ ಬಂದವರು ಒಬ್ಬ ಹಳೇ ಫಿಟ್ಟರ್, ಎಲ್ಲರೂ ಅವರನ್ನ ಯಜಮಾನ್ರೇ ಅಂತಲೇ ಕರೀತಿದ್ದಿದ್ದು. ಅವರಿಗೊಂದು ಅಭ್ಯಾಸ. ಮಾಸ್ಕ್‌ಗೆ ಹೋಸ್ ಸಿಕ್ಕಿಸೋಕೆ ಮುಂಚೆ ವಾಲ್ವ್ ಸ್ವಲ್ಪ ತೆಗೆದು, ಗಾಳಿನ ಒಂದು ಟಿಶ್ಯೂ ಪೇಪರ್ ಮೇಲೆ ಬಿಡೋದು. ಹುಡುಗರೆಲ್ಲ ನಗೋರು, ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳ್ಲಿ. ಅವತ್ತು ಅವರು ಪೇಪರ್ ಎತ್ತಿ ಬೆಳಕಿಗೆ ಹಿಡಿದು ನೋಡಿದ್ರು, ನನ್ನ ಕಡೆ ತಿರುಗಿ, "ಸಾರ್, ಈ ಗಾಳಿ ಒದ್ದೆ ಇದೆ" ಅಂದ್ರು. ನಾನು, ಪೈಪಲ್ಲಿ ಸ್ವಲ್ಪ ತೇವ ಇರುತ್ತೆ ಬಿಡಿ ಯಜಮಾನ್ರೇ, ಅಂದೆ. ಅವರು ಮಾಸ್ಕ್ ಕೆಳಗಿಟ್ಟು ಅಲ್ಲೇ ಕೂತ್ಬಿಟ್ರು, "ಹಾಗಾದ್ರೆ ನೀವೇ ಹಾಕ್ಕೊಳ್ಳಿ ಸಾರ್."

ನನಗೆ ಕೋಪ ಬಂತು, ಆದ್ರೂ ಆ ಪೇಪರ್ ತಗೊಂಡು ಹೋಗಿ ರೇಡಿಯೇಷನ್ ಎಣಿಸೋ ಕೌಂಟರ್ ಕೆಳಗಿಟ್ಟೆ. ಟಕಟಕಟಕ ಅಂತ ಶುರುವಾಯ್ತು ನೋಡಿ, ನನ್ನ ಕಿವಿಲಿ ಅದು ಇನ್ನೂ ಇದೆ.

ಆಮೇಲೆ ಹೋಸ್ ಹಿಡ್ಕೊಂಡು ಹಿಂದಕ್ಕೆ ನಡೆದ್ವಿ, ಹೋಸಿಂದ ಫಿಲ್ಟರ್ ಡಬ್ಬ, ಡಬ್ಬಿಂದ ಹೆಡರ್, ಹೆಡರ್ ಜೊತೆಗೇ ಗೋಡೆ ದಾಟಿ ಪಕ್ಕದ ರೂಮು. ಅಲ್ಲಿ ಅದೇ ಹೆಡರ್‌ಗೆ ಇನ್ನೊಂದು ಹೋಸ್ ಸಿಕ್ಕಿಸಿತ್ತು, ಅದರ ತುದಿ ಹಳೇ ರೆಸಿನ್ ಟ್ಯಾಂಕ್‌ಗೆ. ರೆಸಿನ್ ಅಂದ್ರೆ ನೀರಲ್ಲಿರೋ ಆಕ್ಟಿವಿಟಿನ ಹಿಡಿದಿಟ್ಕೊಳ್ಳೋ ಸಣ್ಣ ಸಣ್ಣ ಗುಂಡುಗಳು, ಬಳಸಿ ಮುಗಿದ ಮೇಲೆ ಅವುನ್ನ ಗಾಳಿ ಬಿಟ್ಟು ಕಲಕಿ ಬೇರೆ ಕಡೆ ಸಾಗಿಸ್ತಾರೆ. ಹಿಂದಿನ ರಾತ್ರಿ ಶಿಫ್ಟ್‌ನೋರು ಕಲಕಿದ್ದಾರೆ, ಹೋಸ್ ಬಿಚ್ಚದೆ ಮನೆಗೆ ಹೋಗಿದ್ದಾರೆ. ಬೆಳಗಿನ ಜಾವ ಕಂಪ್ರೆಸರ್ ಟ್ರಿಪ್ ಆಗಿ ಹೆಡರ್ ಪ್ರೆಶರ್ ಇಳಿದಿದೆ, ಟ್ಯಾಂಕ್ ಕಡೆ ಪ್ರೆಶರ್ ಹೆಚ್ಚಾಗಿ ನೀರು ಹಿಂದಕ್ಕೆ ಏರಿದೆ. ಮಧ್ಯೆ ಹಿಂದಕ್ಕೆ ಹರಿಯದ ಹಾಗೆ ತಡೆಯೋ ನಾನ್ ರಿಟರ್ನ್ ವಾಲ್ವ್ ಇತ್ತು ಸ್ವಾಮಿ, ಇರ್ಲಿಲ್ಲ ಅಂತಲ್ಲ, ಒಂದು ಚೂರು ಕಸ ಸಿಕ್ಕಿ ಪೂರ್ತಿ ಮುಚ್ಚಿರ್ಲಿಲ್ಲ ಅಷ್ಟೇ. ಫಿಲ್ಟರ್ ಡಬ್ಬ ನೆನೆದು ತೊಪ್ಪೆ. ಕಂಪ್ರೆಸರ್ ಮತ್ತೆ ಶುರುವಾದ ಮೇಲೆ ಆ ನೀರೆಲ್ಲ ಯಾರ ಮುಖದ ಕಡೆ ಬರ್ತಿತ್ತು ಅಂತ ನೀವೇ ಲೆಕ್ಕ ಹಾಕಿ. ನಾನು ಅಳೆದಿದ್ದು ಯಾವ ಗಾಳಿನ? ಯಜಮಾನ್ರು ಉಸಿರಾಡದೇ ಇರೋ ಗಾಳಿನ! ಉಸಿರಾಡೋ ಗಾಳಿನ ಒಬ್ಬರೂ ಅಳೆದಿರ್ಲಿಲ್ಲ.

ಅಯ್ಯೋ, ಟೈಮ್ ಆಗ್ತಿದೆ ಅಂತ ಗಾಜಿನ ಆ ಕಡೆಯಿಂದ ಕೈ ತೋರಿಸ್ತಿದ್ದಾರೆ. ನೈಟ್ರೋಜನ್ ವಿಷಯ ಬಿಟ್ಟು ಮಾತ್ರ ನಾನು ಎದ್ದು ಹೋಗಲ್ಲ.

ಕೆಲವು ಕಡೆ ಇನ್‌ಸ್ಟ್ರುಮೆಂಟ್ ಏರ್, ಅಂದ್ರೆ ವಾಲ್ವ್‌ಗಳನ್ನ ನಡೆಸೋ ಗಾಳಿ, ನಿಂತುಹೋದ್ರೆ ಅಂತ ಹಿಂದೆ ನೈಟ್ರೋಜನ್ ಬ್ಯಾಕಪ್ ಕೊಟ್ಟಿರ್ತಾರೆ. ವಾಲ್ವ್‌ಗಳಿಗೆ ಅದು ನಡೆಯುತ್ತೆ, ನಿಮಗೆ ನಡೆಯಲ್ಲ. ಇನ್‌ಸ್ಟ್ರುಮೆಂಟ್ ಏರ್ ತುಂಬಾ ಡ್ರೈ, ತುಂಬಾ ಕ್ಲೀನು ಅಂತ ಅದಕ್ಕೆ ಮಾಸ್ಕ್ ಸಿಕ್ಕಿಸೋ ಬುದ್ಧಿವಂತರಿದ್ದಾರೆ, ಅವರಿಗೆ ಹೇಳ್ತಿದ್ದೀನಿ. ನೈಟ್ರೋಜನ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಮ್ಮ ದೇಹಕ್ಕೆ ಉಸಿರು ಕಟ್ಟೋದು ಗೊತ್ತಾಗೋದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆದಾಗ, ಆಕ್ಸಿಜನ್ ಕಮ್ಮಿ ಆಗಿದ್ದು ಗೊತ್ತೇ ಆಗಲ್ಲ, ಆರಾಮಾಗಿ ಉಸಿರಾಡ್ತಾ ಉಸಿರಾಡ್ತಾ ಬಿದ್ದುಹೋಗ್ತೀರಿ. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್‌ನೋರು 2003ರಲ್ಲಿ ಕೊಟ್ಟ ಲೆಕ್ಕದಲ್ಲಿ, 1992ರಿಂದ 2002ರ ಒಳಗೆ ಅಲ್ಲಿ ನೈಟ್ರೋಜನ್‌ಗೆ 80 ಜನ ಸತ್ತಿದ್ದಾರೆ. ಬರೀ ಅಣುಸ್ಥಾವರದಲ್ಲಲ್ಲ, ಎಲ್ಲಾ ಥರದ ಕಡೆ. ಆದ್ರೆ ಪ್ರಶ್ನೆ ಅದೇ ಅಲ್ವಾ, ಹೋಸಿನ ಆ ಕಡೆ ತುದಿ ಎಲ್ಲಿತ್ತು?

ಕಂಪ್ರೆಸರ್ ನೋಡ್ಕೊಳ್ಳೋರಿಗೆ ಎರಡೇ ಮಾತು. ನಿಮ್ಮ ಕಂಪ್ರೆಸರ್ ಗಾಳಿ ಎಳ್ಕೊಳ್ಳೋ ಬಾಯಿ ಎಲ್ಲಿದೆ ಅಂತ ಹೋಗಿ ನೋಡಿ, ಪಕ್ಕದಲ್ಲಿ ಡೀಸೆಲ್ ಜನರೇಟರ್ ತಂದು ನಿಲ್ಲಿಸಿದ್ರೆ ಅದರ ಹೊಗೆ ನೇರ ಮಾಸ್ಕ್‌ಗೆ. ಆಯಿಲ್ ಹಾಕೋ ಕಂಪ್ರೆಸರ್ ವಿಪರೀತ ಬಿಸಿಯಾದ್ರೆ ತಾನೇ ಕಾರ್ಬನ್ ಮೊನಾಕ್ಸೈಡ್ ಹುಟ್ಟಿಸುತ್ತೆ, ಅದಕ್ಕೆ ಅಲಾರಂ ಇರ್ಬೇಕು. ಉಸಿರಾಡೋಕೆ ಯೋಗ್ಯವಾದ ಗಾಳಿಗೆ ಅಮೆರಿಕದಲ್ಲಿ ಗ್ರೇಡ್ ಡಿ ಗಾಳಿ ಅಂತಾರೆ, ಆಕ್ಸಿಜನ್ 19.5ರಿಂದ 23.5 ಪರ್ಸೆಂಟ್ ಒಳಗೆ, ಕಾರ್ಬನ್ ಮೊನಾಕ್ಸೈಡ್ 10 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಲ್ಲಿ ಹತ್ತು ಪಾಲು, ದಾಟಬಾರದು. ಗಮನಿಸಿ, ಆ ಪಟ್ಟಿಲಿ ರೇಡಿಯೋ ಆಕ್ಟಿವಿಟಿ ಹೆಸರೇ ಇಲ್ಲ, ಅದನ್ನ ನಾವೇ ಬೇರೆ ನೋಡ್ಬೇಕು.

ಹೋಸ್ ಜೋಡಿಸೋ ಕಪ್ಲಿಂಗ್ ಬಗ್ಗೆ ಹತ್ತು ನಿಮಿಷ ಮಾತಾಡೋಣ ಅಂತಿದ್ದೆ, ಆಗಲ್ಲ. ಉಸಿರಾಟದ ಲೈನಿನ ಕಪ್ಲಿಂಗ್ ಬೇರೆ ಯಾವ ಲೈನಿಗೂ ಕೂರಬಾರದು. ಅಡಾಪ್ಟರ್ ಮಾಡಿಸ್ಕೊಂಡು ಜೇಬಲ್ಲಿ ಇಟ್ಕೊಂಡು ಓಡಾಡ್ತಾರೆ ಕೆಲವರು, ದಯವಿಟ್ಟು ಅದನ್ನ ಎಸೀರಿ. ಕೆಲಸ ಮುಗಿದ ಮೇಲೆ ಹೋಸ್ ತುದಿನ ನೆಲದ ಮೇಲೆ ಬಾಯಿ ತೆರೆದು ಬಿಡಬೇಡಿ, ಕ್ಯಾಪ್ ಹಾಕಿ, ನೆಲದ ಧೂಳು ಒಳಗೆ ಸೇರಿದ್ರೆ ಮುಂದಿನ ಶಿಫ್ಟ್‌ನವನು ಮೊದಲನೇ ಉಸಿರಲ್ಲೇ ಅದನ್ನ ಎಳ್ಕೊಳ್ತಾನೆ.

ಯಜಮಾನ್ರು ಏನಾದ್ರು ಅಂತ ಕೇಳ್ತೀರೇನೋ. ಅವತ್ತು ಕೆಲಸ ನಿಂತುಹೋಯ್ತು. ಆಮೇಲೆ ಸಿಲಿಂಡರ್ ಗಾಳಿ ತರಿಸಿ ಅವರೇ ಇಳಿದು ಆ ವಾಲ್ವ್ ಬದಲಾಯಿಸಿದ್ರು, ಇಳಿಯೋಕೆ ಮುಂಚೆ ಆ ಗಾಳಿನೂ ಟಿಶ್ಯೂ ಮೇಲೆ ಬಿಟ್ಟು ನೋಡಿದ್ರು. ಪೇಪರ್ ಹಿಡ್ಕೊಂಡಿದ್ದು ನಾನೇ.

ನಮಸ್ಕಾರ.